ಪಿಟಿಎಂನಲ್ಲಿ (ಪೋಷಕರು-ಟೀಚರ್ ಸಭೆ) ಎರಡು ನಿಮಿಷ, ಆಮೇಲೆ ಮೂರು ತಿಂಗಳು ಸುದ್ದಿ ಇಲ್ಲ. ಹೈಸ್ಕೂಲ್ ಟೀಚರ್ ಜೊತೆ ನೀವೆಲ್ಲ ಹೇಗೆ ಮಾತಾಡುತ್ತೀರಿ?

ದಾವಣಗೆರೆ ಅಮ್ಮ:

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಇಲ್ಲೇ ಒಂದು ಖಾಸಗಿ ಶಾಲೆಯಲ್ಲಿ ಒಂಬತ್ತನೇ ಕ್ಲಾಸು. ಸ್ಟೇಟ್ ಸಿಲಬಸ್, ಇಂಗ್ಲಿಷ್ ಮೀಡಿಯಂ. ಏಳನೇ ಕ್ಲಾಸಿನವರೆಗೆ ಡೈರಿ ಇತ್ತು. ಏನಾದರೂ ಇದ್ದರೆ ಟೀಚರ್ ಅದರಲ್ಲೇ ಬರೆಯುತ್ತಿದ್ದರು, ನಾನು ಸಹಿ ಹಾಕಿ ಕೆಳಗೆ ಒಂದು ಸಾಲು ಬರೆದು ಕಳಿಸುತ್ತಿದ್ದೆ. ಹೈಸ್ಕೂಲಿಗೆ ಬಂದ ಮೇಲೆ ಡೈರಿ ಹೋಯಿತು, ಆ್ಯಪ್ ಬಂತು. ಆ್ಯಪ್‌ನಲ್ಲಿ ಬರುವುದೆಲ್ಲ ಫೀಸ್ ಕಂತು, ರಜೆ, ಯಾವ ದಿನ ಯಾವ ಯೂನಿಫಾರ್ಮ್, ಇಷ್ಟೇ. ವಾಟ್ಸಾಪ್ ಗ್ರೂಪ್ ಇದೆ, ಆದರೆ ಅಡ್ಮಿನ್ ಬಿಟ್ಟು ಬೇರೆ ಯಾರೂ ಅದರಲ್ಲಿ ಬರೆಯುವ ಹಾಗಿಲ್ಲ. ಟೀಚರ್ ನಂಬರ್ ಕೇಳಿದರೆ ಆಫೀಸಿನವರು ಕೊಡುವುದಿಲ್ಲ, ಏನಿದ್ದರೂ ಕೋಆರ್ಡಿನೇಟರ್ ಮೂಲಕವೇ ಅನ್ನುತ್ತಾರೆ.

ದಸರಾ ರಜೆ ಮುಗಿದ ಮೇಲೆ ಪಿಟಿಎಂ ಇಟ್ಟಿದ್ದರು. ಅರ್ಧವಾರ್ಷಿಕದಲ್ಲಿ ಗಣಿತಕ್ಕೆ 80ಕ್ಕೆ 31 ಬಂದಿದೆ. ಎಂಟನೇ ಕ್ಲಾಸಿನಲ್ಲಿ 60ರ ಮೇಲೆ ತೆಗೆಯುತ್ತಿದ್ದ ಹುಡುಗಿ. ಗಣಿತದ ಮೇಡಂ ಮುಂದೆ ದೊಡ್ಡ ಸಾಲು. ನನ್ನ ಸರದಿ ಬಂದಾಗ ಅವರು ಹೇಳಿದ್ದು ಒಂದೇ ಮಾತು: "ಕೇರ್‌ಲೆಸ್ ಮಿಸ್ಟೇಕ್ ಜಾಸ್ತಿ, ಮನೆಯಲ್ಲಿ ಪ್ರಾಕ್ಟೀಸ್ ಮಾಡಿಸಿ." ಪೇಪರ್ ತೋರಿಸಿದರು, ತಿರುವಿ ಹಾಕುವಷ್ಟರಲ್ಲಿ ಹಿಂದಿನವರು ಮುಂದೆ ಬಂದರು, ಪೇಪರ್ ವಾಪಸ್ ಕಟ್ಟಿಗೆ ಹೋಯಿತು.

ಏನು ಪ್ರಾಕ್ಟೀಸ್ ಮಾಡಿಸಲಿ? ಯಾವ ಪಾಠ? ಮಗಳನ್ನು ಕೇಳಿದರೆ "ಗೊತ್ತಿಲ್ಲಮ್ಮ" ಅಂತ ಬಾಗಿಲು ಹಾಕಿಕೊಳ್ಳುತ್ತಾಳೆ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಇನ್ನೊಂದು ಪಿಟಿಎಂ ಬರುವುದು ಜನವರಿಗೆ. ಅಲ್ಲಿಯವರೆಗೆ ಕಾದರೆ ವರ್ಷವೇ ಮುಗಿಯಿತು. ಹೋಗಿ ಜೋರಾಗಿ ಕೇಳೋಣ ಅಂದರೆ ನಮ್ಮ ಯಜಮಾನರು "ಸುಮ್ನೆ ಇರು, ಆಮೇಲೆ ಮಗು ಮೇಲೆ ಸಿಟ್ಟು ತೀರಿಸಿಕೊಂಡರೆ?" ಅನ್ನುತ್ತಾರೆ. ನೀವೆಲ್ಲ ಏನು ಮಾಡುತ್ತೀರಿ, ದಯವಿಟ್ಟು ಹೇಳಿ.

ಹುಬ್ಬಳ್ಳಿ ಅಪ್ಪ:

ಮೊದಲು ಆ ಪೇಪರ್ ಕೇಳ್ರೀ. ಮಾರ್ಕ್ಸ್ ಕಾರ್ಡ್ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಉತ್ತರ ಪತ್ರಿಕೆಯ ಫೋಟೋ ಬೇಕು, ಎಲ್ಲಾ ಪುಟಗಳದ್ದು. ನಮ್ಮ ಮಗನ ಶಾಲೆಯಲ್ಲೂ ಮೊದಲು ಆಗುವುದಿಲ್ಲ ಅಂದರು. ಮನೆಗೆ ಕೊಡಬೇಡಿ, ಇಲ್ಲೇ ಕೂತು ನೋಡಿ ವಾಪಸ್ ಕೊಡುತ್ತೇನೆ ಅಂದೆ. ಕೂರಿಸಿದರು. ನಮ್ಮ ಹುಡುಗ ಕೊನೆಯ ಎರಡು ಪುಟ ಮುಟ್ಟೇ ಇರಲಿಲ್ಲ. ಅವನಿಗೆ ಲೆಕ್ಕ ಬರುತ್ತಿತ್ತು, ಟೈಮ್ ಸಾಲುತ್ತಿರಲಿಲ್ಲ. ಒಂದು ಅಂಕದ ಪ್ರಶ್ನೆಗೂ ಅರ್ಧ ಪುಟ ಬರೆದಿದ್ದ. ಅದಕ್ಕೆ ಟ್ಯೂಷನ್ ಹಾಕಿದ್ದರೆ ದುಡ್ಡು ದಂಡ ಆಗುತ್ತಿತ್ತು ಅಷ್ಟೇ.

ಮಲ್ನಾಡ್ ಹುಡುಗ:

ಇಷ್ಟು ಫೀಸ್ ತಗೊಂಡು ಟೀಚರ್ ಜೊತೆ ಮಾತಾಡೋಕೂ ಬಿಡಲ್ಲ ಅಂದ್ರೆ ಅಂಥ ಶಾಲೆ ಯಾಕೆ? ಟಿಸಿ ತಗೊಂಡು ಬೇರೆ ಕಡೆ ಸೇರಿಸಿ.

ಚಾಕ್‌ಪೀಸ್ (ಗಣಿತ ಟೀಚರ್, ತುಮಕೂರು):

ಮೇಲಿನವರಿಗೆ ಒಂದು ಮಾತು. ಒಂಬತ್ತನೇ ಕ್ಲಾಸಿನ ಮಧ್ಯದಲ್ಲಿ ಶಾಲೆ ಬದಲಾಯಿಸಿದರೆ ಮಗುವಿಗೆ ಹೊಸ ಟೀಚರು, ಹೊಸ ಗೆಳತಿಯರು, ಪಾಠ ಎಲ್ಲಿಯವರೆಗೆ ಆಗಿದೆ ಅನ್ನುವ ಗೊಂದಲ, ಅದರ ಮೇಲೆ ಹತ್ತನೇ ಕ್ಲಾಸು. ಹೊಡೆತ ಬಡಿತ, ಅವಮಾನ ಇಂಥದ್ದೇನಾದರೂ ಇದ್ದರೆ ಬೇರೆ ಮಾತು. ಇಲ್ಲಿ ಅಂಥದ್ದು ಕಾಣಿಸುತ್ತಿಲ್ಲ.

ಅಕ್ಕಾ, ನಿಮ್ಮ ಸಿಟ್ಟು ನ್ಯಾಯವಾದದ್ದು. ಆದರೆ ನಮ್ಮ ಕಡೆಯದ್ದೂ ಸ್ವಲ್ಪ ಕೇಳಿ. ನನಗೆ ನಾಲ್ಕು ಸೆಕ್ಷನ್, ಒಂದೊಂದರಲ್ಲಿ 45 ಮಕ್ಕಳು. ಒಟ್ಟು 180. ಪಿಟಿಎಂ ಬೆಳಿಗ್ಗೆ 9ರಿಂದ 12. ಅಂದರೆ 180 ನಿಮಿಷ. ಮಗುವಿಗೆ ಒಂದು ನಿಮಿಷ. ಆ ಒಂದು ನಿಮಿಷದಲ್ಲಿ ಹೆಸರು ಹುಡುಕಿ, ಪೇಪರ್ ತೆಗೆದು, ಅಪ್ಪ ಅಮ್ಮ ಕೂತು ಎದ್ದು ಹೋಗುವಷ್ಟರಲ್ಲಿ ಬಾಯಿಗೆ ಬರುವುದು "ಕೇರ್‌ಲೆಸ್" ಅನ್ನುವ ಮಾತೇ. ಅದು ಮಗುವಿನ ತಪ್ಪಿನ ವಿವರ ಅಲ್ಲ. ವಿವರ ಹೇಳಲು ಸಮಯ ಇಲ್ಲ ಅಂತ ಅದರ ಅರ್ಥ.

ಇನ್ನು ಫೋನ್ ನಂಬರ್ ವಿಷಯ. ಬಹಳಷ್ಟು ಮ್ಯಾನೇಜ್‌ಮೆಂಟ್‌ಗಳು ನಂಬರ್ ಕೊಡಬೇಡಿ ಅಂತ ನಮಗೇ ಹೇಳಿರುತ್ತವೆ. ಕೆಲವರು ರಾತ್ರಿ ಹತ್ತೂವರೆಗೆ ಫೋನ್ ಮಾಡಿ ನಾಳೆ ಯಾವ ನೋಟ್ಸ್ ತರಬೇಕು ಅಂತ ಕೇಳುತ್ತಾರೆ. ಒಂದು ನಂಬರ್ ಕೊಟ್ಟರೆ 180 ಮನೆಗೆ ಕೊಟ್ಟ ಹಾಗೆ. ಹಾಗಂತ ಪೋಷಕರಿಗೆ ಬಾಗಿಲೇ ಇರಬಾರದು ಅಂತ ನಾನು ಹೇಳುವುದಿಲ್ಲ. ಬಾಗಿಲು ಇರಬೇಕು, ಅದಕ್ಕೆ ಹೊತ್ತು ಗೊತ್ತು ಇರಬೇಕು.

ಹಾಗಾಗಿ ಹೀಗೆ ಮಾಡಿ. ಪಿಟಿಎಂ ದಿನ ದೊಡ್ಡ ಮಾತು ಎತ್ತಬೇಡಿ. ಅವತ್ತು ಬರೀ ಸಮಯ ಕೇಳಿ: "ಮೇಡಂ, ಈ ವಾರ ಯಾವತ್ತಾದರೂ ಶಾಲೆ ಬಿಟ್ಟ ಮೇಲೆ ಹದಿನೈದು ನಿಮಿಷ ಸಿಗುತ್ತೀರಾ? ಪೇಪರ್ ಜೊತೆಗೆ ಕೂತು ನೋಡಬೇಕು." ಅದು ತಪ್ಪಿಹೋಗಿದ್ದರೆ ಈಗಲೇ ಕೋಆರ್ಡಿನೇಟರ್‌ಗೆ ಒಂದು ಚಿಕ್ಕ ಪತ್ರ ಬರೆಯಿರಿ. ಮಗು ಹೆಸರು, ಸೆಕ್ಷನ್, ವಿಷಯ, ಎಷ್ಟು ನಿಮಿಷ ಬೇಕು, ಯಾಕೆ ಬೇಕು. ದೂರಿನ ಧಾಟಿ ಬೇಡ. "ಮಗಳು ಓದುತ್ತಿಲ್ಲ" ಅಂತ ಬರೆದರೆ ನಮಗೆ ಏನು ಮಾಡಬೇಕೋ ತಿಳಿಯುವುದಿಲ್ಲ. "60ರಿಂದ 31ಕ್ಕೆ ಬಂದಿದ್ದಾಳೆ, ಯಾವ ಪಾಠದಲ್ಲಿ ಹೋಗಿದೆ ನೋಡಬೇಕು" ಅಂತ ಬರೆದರೆ ಬರುವ ಮೊದಲೇ ಆ ಪೇಪರ್ ತೆಗೆದು ಒಂದು ಸಲ ನೋಡಿಟ್ಟುಕೊಂಡಿರುತ್ತೇವೆ.

ಮಗಳನ್ನೂ ಜೊತೆಗೆ ಕೂರಿಸಿ. ಇದು ಮುಖ್ಯ. ಅವಳನ್ನು ಹೊರಗೆ ನಿಲ್ಲಿಸಿ ಇಬ್ಬರು ದೊಡ್ಡವರು ಒಳಗೆ ಮಾತಾಡಿದರೆ ಅವಳಿಗೆ ಅದು ಪಂಚಾಯಿತಿ ಅನ್ನಿಸುತ್ತದೆ. ಒಳಗಿದ್ದರೆ "ಇದು ಹೇಗೆ ಬಂತು ಹೇಳು" ಅಂತ ಅವಳನ್ನೇ ಕೇಳಬಹುದು. ಅವಳ ಬಾಯಿಂದ ಬರುವ ಉತ್ತರದಲ್ಲೇ ಅರ್ಧ ವಿಷಯ ಗೊತ್ತಾಗುತ್ತದೆ.

ಪೀಣ್ಯ ತಾಯಿ:

ಟೀಚರ್ ಮೇಡಂ, ನೀವು ಹೇಳಿದ್ದು ಸರಿ. ಆದರೆ ನಮ್ಮಂಥವರ ಕಥೆ ಬೇರೆ. ನಾನು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಪಿಟಿಎಂ ಯಾವಾಗಲೂ ಶನಿವಾರ ಬೆಳಿಗ್ಗೆ. ನಮಗೆ ಶನಿವಾರ ಕೆಲಸ. ಅರ್ಧ ದಿನ ರಜೆ ಕೇಳಿದರೆ ಸೂಪರ್‌ವೈಸರ್ ಮುಖ ನೋಡಬೇಕು, ಅವತ್ತಿನ ಕೂಲಿ ಹೋಗುತ್ತದೆ, ಹಾಜರಿ ಬೋನಸ್ಸೂ ಹೋಗುತ್ತದೆ. ಮಗನ ಅಪ್ಪ ಲಾರಿ ಓಡಿಸುತ್ತಾರೆ, ಊರಲ್ಲೇ ಇರುವುದಿಲ್ಲ. ಪಿಟಿಎಂಗೆ ಬಾರದಿದ್ದರೆ "ಪೇರೆಂಟ್ಸ್‌ಗೆ ಆಸಕ್ತಿ ಇಲ್ಲ" ಅಂತ ಮಗನ ಎದುರಿಗೇ ಹೇಳುತ್ತಾರೆ. ಅವನು ಮನೆಗೆ ಬಂದು ಅದನ್ನು ಹೇಳಿದಾಗ ಎಷ್ಟು ನೋವಾಯಿತು ಅಂತ ನನಗೆ ಮಾತ್ರ ಗೊತ್ತು. ಆಸಕ್ತಿ ಇಲ್ಲದೆ ಓಟಿ ಮಾಡಿ ಫೀಸ್ ಕಟ್ಟುತ್ತೀನಾ?

ಹೋದಾಗಲೂ ಅಷ್ಟೇ. ಟೀಚರ್ ಇಂಗ್ಲಿಷಿನಲ್ಲಿ ಶುರು ಮಾಡುತ್ತಾರೆ, ನಾನು ತಲೆ ಅಲ್ಲಾಡಿಸಿ ಬರುತ್ತೇನೆ. ಅವರಿಗೆ ಕನ್ನಡ ಚೆನ್ನಾಗಿಯೇ ಬರುತ್ತದೆ, ಸ್ಟಾಫ್ ರೂಮಿನಲ್ಲಿ ಕನ್ನಡದಲ್ಲೇ ಮಾತಾಡಿಕೊಳ್ಳುತ್ತಿರುತ್ತಾರೆ. ನಮ್ಮ ಎದುರಿಗೆ ಮಾತ್ರ ಯಾಕೆ ಹೀಗೆ?

ಚಾಕ್‌ಪೀಸ್:

ತಂಗೀ, ಆ ಮಾತು ಮಗನ ಎದುರಿಗೆ ಆಡಿದ್ದು ತಪ್ಪು. ಯಾವ ಟೀಚರ್ ಆಡಿದರೂ ತಪ್ಪೇ. ಇಂಗ್ಲಿಷಿನ ವಿಷಯ ಹೇಳುತ್ತೇನೆ. ಕೆಲವು ಶಾಲೆಗಳಲ್ಲಿ ಪೋಷಕರ ಎದುರು ಇಂಗ್ಲಿಷೇ ಮಾತಾಡಬೇಕು ಅಂತ ಮೇಲಿನಿಂದ ಹೇಳಿರುತ್ತಾರೆ, ಇಂಗ್ಲಿಷ್ ಮೀಡಿಯಂ ಶಾಲೆಯ ಗತ್ತು ಅದು. ನೀವು ಬಾಯಿ ಬಿಟ್ಟು "ಕನ್ನಡದಲ್ಲಿ ಹೇಳಿ ಮೇಡಂ" ಅಂದುಬಿಡಿ. ಯಾರೂ ಇಲ್ಲ ಅನ್ನುವುದಿಲ್ಲ, ಎಷ್ಟೋ ಸಲ ನಮಗೂ ನಿರಾಳ ಆಗುತ್ತದೆ. ಶನಿವಾರ ಆಗದಿದ್ದರೆ ಸಂಜೆ ಫೋನಿನಲ್ಲಿ ಹತ್ತು ನಿಮಿಷ ಕೊಡಿ ಅಂತ ಬರೆದು ಕೇಳಿ. ಆಫೀಸಿನ ಲ್ಯಾಂಡ್‌ಲೈನ್‌ನಿಂದ ಟೀಚರ್ ನಿಮಗೆ ಮಾಡಬಹುದು, ಅವರ ನಂಬರ್ ಕೊಡಬೇಕಾಗಿಯೇ ಇಲ್ಲ.

ಹಳೇ ಹೆಡ್‌ಮಾಸ್ಟರ್:

ನಾನು ಅನುದಾನಿತ ಹೈಸ್ಕೂಲಿನಲ್ಲಿ ಎಚ್.ಎಂ. ಆಗಿದ್ದು ನಿವೃತ್ತಿಯಾದವನು. ಸಿಟ್ಟು ತೀರಿಸಿಕೊಳ್ಳುವ ಭಯದ ಬಗ್ಗೆ ಹೇಳಬೇಕು, ಯಾಕೆಂದರೆ ಪೋಷಕರ ಬಾಯಿ ಕಟ್ಟಿಹಾಕುವುದು ಅದೇ.

ಎಲ್ಲರ ತಲೆಯಲ್ಲಿ ಇರುವುದು ಇಂಟರ್ನಲ್ ಮಾರ್ಕ್ಸ್. ಎಸ್ಸೆಸ್ಸೆಲ್ಸಿಯ ಒಟ್ಟು 625 ಅಂಕಗಳಲ್ಲಿ ಶಾಲೆಯ ಕೈಯಲ್ಲಿರುವುದು ಪ್ರಥಮ ಭಾಷೆಗೆ 25, ಉಳಿದ ಐದು ವಿಷಯಕ್ಕೆ 20ರಂತೆ 100, ಒಟ್ಟು 125. ಉಳಿದ 500 ಅಂಕದ ಪತ್ರಿಕೆ ತಿದ್ದುವುದು ಹೊರಗೆ, ಮೌಲ್ಯಮಾಪನ ಕೇಂದ್ರದಲ್ಲಿ. ಈಗ ಖಾಸಗಿ ಶಾಲೆಯನ್ನೇ ನೋಡಿ, ಅದರ ವ್ಯಾಪಾರ ನಿಂತಿರುವುದೇ ಹತ್ತನೇ ಕ್ಲಾಸಿನ ಫಲಿತಾಂಶದ ಮೇಲೆ. ಮೇ ತಿಂಗಳಲ್ಲಿ ಗೇಟಿನ ಮುಂದೆ ಫ್ಲೆಕ್ಸ್ ಹಾಕುವವರು ತಮ್ಮದೇ ಮಗುವಿನ ಇಂಟರ್ನಲ್ ಯಾಕೆ ಕತ್ತರಿಸುತ್ತಾರೆ? ಮೇಲಾಗಿ ಒಂಬತ್ತನೇ ಕ್ಲಾಸಿನ ಅಂಕ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಬರುವುದೇ ಇಲ್ಲ. ಹಾಗಾಗಿ ಕೇಳುವುದಕ್ಕೆ ಒಂಬತ್ತನೇ ಕ್ಲಾಸೇ ಸರಿಯಾದ ಹೊತ್ತು. ಹತ್ತರ ಡಿಸೆಂಬರ್‌ನಲ್ಲಿ ಪ್ರಿಪರೇಟರಿ ಗಡಿಬಿಡಿಯಲ್ಲಿ ಕೇಳಿದರೆ ಯಾರ ಹತ್ತಿರವೂ ಸಮಯ ಇರುವುದಿಲ್ಲ.

ಆದರೂ ಮಾತಿನ ಚುಚ್ಚು, ಕ್ಲಾಸಿನಲ್ಲಿ "ನಿಮ್ಮಮ್ಮ ಬಂದು ಕಂಪ್ಲೇಂಟ್ ಮಾಡಿದರು" ಅನ್ನುವುದು, ಇಂಥದ್ದು ನಡೆಯುತ್ತದೆ. ಇಲ್ಲ ಅನ್ನಲಾರೆ. ಅದಕ್ಕೇ ಟೀಚರನ್ನು ದಾಟಿ ನೇರ ಪ್ರಿನ್ಸಿಪಾಲ್ ಹತ್ತಿರ ಹೋಗಬೇಡಿ. ಮೊದಲು ವಿಷಯದ ಟೀಚರ್, ಆಮೇಲೆ ಕ್ಲಾಸ್ ಟೀಚರ್, ಆಮೇಲೆ ಎಚ್.ಎಂ. ಪತ್ರ ಎರಡು ಪ್ರತಿ ಮಾಡಿ, ಆಫೀಸಿನಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಇದು ಜಗಳಕ್ಕೆ ಅಲ್ಲ. ಸೀಲು ಬಿದ್ದ ಕಾಗದ ಫೈಲಿಗೆ ಹೋಗುತ್ತದೆ, ಬಾಯಿಮಾತು ಗಾಳಿಗೆ ಹೋಗುತ್ತದೆ. ಹೊಡೆಯುವುದು, ಹೀಯಾಳಿಸುವುದು, ಫೀಸಿಗಾಗಿ ಮಗುವನ್ನು ಹೊರಗೆ ನಿಲ್ಲಿಸುವುದು ಕಂಡರೆ ಮಾತ್ರ ಕಾಯಬೇಡಿ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಬರೆದು ಕೊಡಿ, ಇಲ್ಲವೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಖಾಸಗಿ ಶಾಲೆಯ ಪೋಷಕರು ಯಾಕೆ ಇಷ್ಟು ಒಂಟಿ ಅಂತ ನಾನು ಬಹಳ ಸಲ ಯೋಚಿಸಿದ್ದೇನೆ. ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2001ರಿಂದ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಇದೆ, ಅದರ ಅಧ್ಯಕ್ಷರು ಮಕ್ಕಳ ಪೋಷಕರಲ್ಲೇ ಒಬ್ಬರು. ಕೂಲಿ ಮಾಡುವ ಅಪ್ಪ ಕೂಡ ಆ ಸಭೆಯಲ್ಲಿ ಕುರ್ಚಿ ಎಳೆದು ಕೂತು "ಗಣಿತದ ಮೇಷ್ಟ್ರು ಯಾಕೆ ಬಂದಿಲ್ಲ" ಅಂತ ಕೇಳಬಹುದು. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲಾ ನಿರ್ವಹಣಾ ಸಮಿತಿ ಇರಲೇಬೇಕು ಅನ್ನುತ್ತದೆ, ಆದರೆ ಅದರ 21ನೇ ಸೆಕ್ಷನ್ ಅನುದಾನ ಇಲ್ಲದ ಖಾಸಗಿ ಶಾಲೆಗಳನ್ನು ಹೊರಗೆ ಬಿಟ್ಟಿದೆ. ಆ ಕಾಯ್ದೆ ಎಂಟನೇ ಕ್ಲಾಸಿಗೇ ನಿಲ್ಲುತ್ತದೆ ಕೂಡ. ಅಂದರೆ ಜಾಸ್ತಿ ಫೀಸ್ ಕಟ್ಟುವವರಿಗೇ ಕೂತು ಕೇಳುವ ಜಾಗ ಕಡಿಮೆ. ನನಗೆ ಇದು ಸರಿ ಕಾಣುವುದಿಲ್ಲ. ಪಿಟಿಎ, ಅಂದರೆ ಪೋಷಕರು-ಶಿಕ್ಷಕರ ಸಂಘ, ಅಂತ ಕೆಲವು ಶಾಲೆಗಳಲ್ಲಿ ಇದೆ, ಆದರೆ ಅದು ವಾರ್ಷಿಕೋತ್ಸವದ ಕೆಲಸಕ್ಕೆ ಸೇರಿದರೆ ಪ್ರಯೋಜನ ಇಲ್ಲ. ನಿಮ್ಮ ಶಾಲೆಯಲ್ಲಿ ಪಿಟಿಎ ಇದ್ದರೆ ಒಂದೇ ಒಂದು ವಿಷಯ ಅದರ ಮುಂದಿಡಿ: ಪ್ರತಿ ಪರೀಕ್ಷೆ ಆದ ಮೇಲೆ ಉತ್ತರ ಪತ್ರಿಕೆ ಒಂದು ರಾತ್ರಿಗೆ ಮನೆಗೆ ಬರಬೇಕು, ಪೋಷಕರ ಸಹಿಯೊಂದಿಗೆ ವಾಪಸ್ ಹೋಗಬೇಕು.

ಪೇಪರ್ ತೋರಿಸಲು ಹಿಂಜರಿಯುವ ಶಾಲೆಗೆ ಇದನ್ನು ಹೇಳಿ. ಎಸ್ಸೆಸ್ಸೆಲ್ಸಿ ಮಂಡಳಿಯೇ ಶುಲ್ಕ ಕಟ್ಟಿದರೆ ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ಕೊಡುತ್ತದೆ. 2011ರಲ್ಲಿ ಸಿಬಿಎಸ್‌ಇಗೆ ಸಂಬಂಧಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಪರೀಕ್ಷೆ ಬರೆದವರಿಗೆ ತಮ್ಮ ಉತ್ತರ ಪತ್ರಿಕೆ ನೋಡುವ ಹಕ್ಕಿದೆ ಅಂತ ಹೇಳಿತು. ಆ ತೀರ್ಪು ಮಾಹಿತಿ ಹಕ್ಕಿನ ಅಡಿ ಬರುವ ಸಂಸ್ಥೆಗಳಿಗೆ, ನಿಮ್ಮ ಶಾಲೆಯ ಮೇಲೆ ಅದನ್ನು ಹಿಡಿದು ಹೋಗಲು ಆಗುವುದಿಲ್ಲ. ಆದರೆ ಬೋರ್ಡ್ ಪರೀಕ್ಷೆಯದ್ದೇ ನೋಡಬಹುದು ಅಂದ ಮೇಲೆ ಒಂಬತ್ತನೇ ಕ್ಲಾಸಿನ ಅರ್ಧವಾರ್ಷಿಕದಲ್ಲಿ ಮುಚ್ಚಿಡುವುದು ಏನಿದೆ?

ಹುಬ್ಬಳ್ಳಿ ಅಪ್ಪ:

ಸರ್, ಟ್ಯೂಷನ್ ಬಗ್ಗೆಯೂ ಹೇಳಿ. ನಮ್ಮ ಕಡೆ ಪಿಟಿಎಂನಲ್ಲಿ ಕೊನೆಗೆ ಬರುವ ಮಾತು ಅದೇ, "ಟ್ಯೂಷನ್‌ಗೆ ಹಾಕಿ."

ಹಳೇ ಹೆಡ್‌ಮಾಸ್ಟರ್:

ಶಾಲೆಯ ಟೀಚರ್ ಖಾಸಗಿ ಟ್ಯೂಷನ್ ನಡೆಸಬಾರದು ಅಂತ ಅದೇ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಹೇಳುತ್ತದೆ. ತಮ್ಮದೇ ಟ್ಯೂಷನ್‌ಗೆ ಕಳಿಸಿ ಅಂದರೆ ಅದು ಬೇರೆಯೇ ವಿಷಯ. ಸುಮ್ಮನೆ ಟ್ಯೂಷನ್‌ಗೆ ಹಾಕಿ ಅಂದರೆ, ಯಾವ ಪಾಠಕ್ಕೆ ಸರ್ ಅಂತ ಕೇಳಿ. ಪಾಠದ ಹೆಸರು ಹೇಳಲು ಬಾರದಿದ್ದರೆ ಅವರು ಮಗುವಿನ ಪೇಪರ್ ನೋಡಿಲ್ಲ ಅಂತಲೇ ಲೆಕ್ಕ.

ದಾವಣಗೆರೆ ಅಮ್ಮ:

ಎಲ್ಲರಿಗೂ ತುಂಬಾ ಧನ್ಯವಾದ. ಏನಾಯಿತು ಅಂತ ಹೇಳಲೇಬೇಕು.

ಪತ್ರ ಬರೆದು ಆಫೀಸಿನಲ್ಲಿ ಕೊಟ್ಟೆ. ಎರಡು ದಿನ ಏನೂ ಇಲ್ಲ. ಮೂರನೇ ದಿನ ಕೋಆರ್ಡಿನೇಟರ್ ಫೋನ್ ಮಾಡಿ ಗುರುವಾರ ಶಾಲೆ ಬಿಟ್ಟ ಮೇಲೆ ಬನ್ನಿ ಅಂದರು. ಮಗಳು ಬರಲ್ಲ ಅಂತ ಹಟ ಹಿಡಿದಳು, ಬಾಯಿ ಬಿಡಬೇಕಾಗಿಲ್ಲ, ಜೊತೆಗೆ ಕೂತಿರು ಸಾಕು ಅಂತ ಒಪ್ಪಿಸಿ ಕರೆದುಕೊಂಡು ಹೋದೆ. ಗಣಿತದ ಮೇಡಂ ಪೇಪರ್ ತೆಗೆದು ಮೇಜಿನ ಮೇಲೆ ಹರಡಿದರು. ನಾನು ಅವತ್ತು ಪಿಟಿಎಂನಲ್ಲಿ ನೋಡಿದ ಮನುಷ್ಯರೇ ಅಲ್ಲ ಅನ್ನಿಸಿತು, ಅಷ್ಟು ಸಮಾಧಾನ.

ಒಂದೊಂದೇ ಲೆಕ್ಕ ನೋಡುತ್ತಾ ಹೋದರು. ಬ್ರಾಕೆಟ್ ಮುಂದೆ ಮೈನಸ್ ಇದ್ದರೆ, ಬಿಡಿಸುವಾಗ ಒಳಗಿನ ಮೊದಲನೇ ಪದದ ಚಿಹ್ನೆ ಮಾತ್ರ ಬದಲಾಯಿಸುತ್ತಾಳೆ, ಎರಡನೆಯದು ಹಾಗೇ ಬಿಡುತ್ತಾಳೆ. ಒಂದು ಕಡೆ ಅಲ್ಲ, ಆರು ಕಡೆ. ಮುಂದಿನ ಹಂತಗಳೆಲ್ಲ ಸರಿ ಇವೆ, ಆದರೆ ಉತ್ತರ ತಪ್ಪು. ಮೇಡಂ ಅವಳನ್ನೇ ಕೇಳಿದರು, ಇಲ್ಲಿ ಯಾಕೆ ಪ್ಲಸ್ ಮಾಡಲಿಲ್ಲ ಅಂತ. ಅವಳು ಮೆಲ್ಲಗೆ "ಮಿಸ್, ಅದು ಹೇಳಿಕೊಟ್ಟಾಗ ನಾನು ಬಂದಿರಲಿಲ್ಲ" ಅಂದಳು.

ಜುಲೈನಲ್ಲಿ ಅವಳಿಗೆ ಜ್ವರ ಬಂದು ಒಂದು ವಾರಕ್ಕೂ ಜಾಸ್ತಿ ರಜೆ ಹಾಕಿದ್ದಳು. ಬಹುಪದೋಕ್ತಿ ಪಾಠ ಆಗಿದ್ದು ಅದೇ ವಾರ. ರಜೆ ಚೀಟಿ, ಡಾಕ್ಟರ್ ಸರ್ಟಿಫಿಕೇಟ್ ಎಲ್ಲಾ ನಾನೇ ಹೋಗಿ ಕ್ಲಾಸ್ ಟೀಚರ್‌ಗೆ ಕೊಟ್ಟಿದ್ದೆ. ಅದು ಅಟೆಂಡೆನ್ಸ್ ರಿಜಿಸ್ಟರ್‌ಗೆ ಹೋಗಿದೆ, ಗಣಿತದ ಮೇಡಂಗೆ ಹೋಗಿಯೇ ಇಲ್ಲ. ಅವರಿಗೆ ಈ ಹುಡುಗಿ ಆ ಪಾಠಕ್ಕೆ ಇರಲೇ ಇಲ್ಲ ಅಂತ ಗೊತ್ತೇ ಇರಲಿಲ್ಲ. ಅವಳು ಗೆಳತಿಯ ನೋಟ್ಸ್ ನೋಡಿ ಕಾಪಿ ಮಾಡಿಕೊಂಡಿದ್ದಾಳೆ, ಅರ್ಥ ಆಗಿಲ್ಲ ಅಂತ ಹೇಳಲು ನಾಚಿಕೆ. ಮೇಡಂ ಮುಖ ಚಿಕ್ಕದಾಯಿತು. "ನನಗೆ ಒಂದು ಮಾತು ತಿಳಿದಿದ್ದರೆ ಮಧ್ಯಾಹ್ನದ ಬ್ರೇಕಿನಲ್ಲಿ ಕೂರಿಸಿ ಹೇಳಿಕೊಡುತ್ತಿದ್ದೆ" ಅಂದರು. ಈಗ ವಾರಕ್ಕೆ ಎರಡು ದಿನ ಊಟ ಆದ ಮೇಲೆ ಹತ್ತು ನಿಮಿಷ ಬಾ ಅಂತ ಹೇಳಿದ್ದಾರೆ. ಮನೆಗೆ ಬರುವಾಗ ಆಟೋದಲ್ಲಿ ಮಗಳೇ ಮಾತು ಶುರು ಮಾಡಿದಳು.

ಚಾಕ್‌ಪೀಸ್ ಮೇಡಂ, ಇನ್ನೊಂದು ಕೇಳಬೇಕು. ಇನ್ನು ಮುಂದೆ ಎಷ್ಟು ದಿನಕ್ಕೊಮ್ಮೆ ಕೇಳಲಿ? ಅವರಿಗೆ ತಲೆನೋವು ಆಗಬಾರದು, ನನಗೂ ಸುದ್ದಿ ಬೇಕು.

ಪೀಣ್ಯ ತಾಯಿ:

ಓದಿ ಖುಷಿ ಆಯಿತು ಅಕ್ಕಾ. ನಿಮ್ಮ ಪತ್ರದಲ್ಲಿ ಏನು ಬರೆದಿದ್ದಿರಿ ಅಂತ ಹಾಕುತ್ತೀರಾ? ನನಗೆ ಹೇಗೆ ಶುರು ಮಾಡಬೇಕು ಅಂತಲೇ ಗೊತ್ತಾಗುವುದಿಲ್ಲ.

ದಾವಣಗೆರೆ ಅಮ್ಮ:

ಕನ್ನಡದಲ್ಲೇ ಬರೆದಿದ್ದೆ, ನಿಮಗೆ ಬೇಕಾದ ಹಾಗೆ ಬದಲಾಯಿಸಿಕೊಳ್ಳಿ:

"ಮಾನ್ಯರೇ, ನನ್ನ ಮಗಳು 9ನೇ ತರಗತಿ ಬಿ ಸೆಕ್ಷನ್‌ನಲ್ಲಿ ಓದುತ್ತಿದ್ದಾಳೆ. ಗಣಿತದಲ್ಲಿ ಕಳೆದ ವರ್ಷ 60ರ ಮೇಲೆ ಇದ್ದ ಅಂಕ ಈ ಅರ್ಧವಾರ್ಷಿಕದಲ್ಲಿ 31 ಆಗಿದೆ. ಯಾವ ಪಾಠದಲ್ಲಿ ತೊಂದರೆ ಆಗಿದೆ ಎಂದು ಉತ್ತರ ಪತ್ರಿಕೆ ನೋಡಿ ತಿಳಿದುಕೊಳ್ಳಬೇಕು. ಗಣಿತ ಶಿಕ್ಷಕಿಯವರು ಶಾಲೆ ಬಿಟ್ಟ ನಂತರ ಯಾವುದಾದರೂ ಒಂದು ದಿನ 15 ನಿಮಿಷ ಸಮಯ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಮಗಳನ್ನೂ ಜೊತೆಗೆ ಕರೆತರುತ್ತೇನೆ."

ಕೆಳಗೆ ನನ್ನ ಸಹಿ, ಫೋನ್ ನಂಬರ್. ಅಷ್ಟೇ.

ಚಾಕ್‌ಪೀಸ್:

ಇದಕ್ಕಿಂತ ಚೆನ್ನಾಗಿ ಬರೆಯಲು ಆಗುವುದಿಲ್ಲ. ಪೀಣ್ಯದ ತಂಗೀ, ನೀವು "ಶನಿವಾರ ಕೆಲಸ ಇರುವುದರಿಂದ ಸಂಜೆ 6ರ ಮೇಲೆ ಫೋನಿನಲ್ಲಿ ಮಾತಾಡಲು ಅವಕಾಶ ಕೊಡಿ" ಅಂತ ಒಂದು ಸಾಲು ಸೇರಿಸಿ. ಆರು ಗಂಟೆಗೆ ಶಾಲೆಯಲ್ಲಿ ಯಾರೂ ಇರುವುದಿಲ್ಲ ಅಂದರೆ ನಿಮ್ಮ ಊಟದ ಬಿಡುವಿನ ಹೊತ್ತು ಹೇಳಿ, ಅದು ನಮ್ಮ ಬ್ರೇಕಿಗೂ ಹತ್ತಿರ ಇರುತ್ತದೆ.

ಅಕ್ಕಾ, ನಿಮ್ಮ ಪ್ರಶ್ನೆಗೆ: ವಾರ ವಾರ ಕೇಳಬೇಡಿ. ಡಿಸೆಂಬರ್‌ನಲ್ಲಿ ಎಫ್‌ಎ-3 (ವರ್ಷದ ಮೂರನೇ ಕಿರು ಪರೀಕ್ಷೆ) ಆಗುತ್ತದೆ ಅಲ್ವಾ, ಅದರ ಟೆಸ್ಟ್ ಪೇಪರ್ ಕೊಟ್ಟ ದಿನ ಮಗಳ ಕೈಯಲ್ಲಿ ಒಂದು ಚೀಟಿ ಕಳಿಸಿ: "ಬ್ರಾಕೆಟ್ ಲೆಕ್ಕ ಈಗ ಸರಿ ಮಾಡುತ್ತಿದ್ದಾಳಾ?" ಅವರು ಹೌದು ಇಲ್ಲ ಅಂತ ಬರೆದರೆ ಸಾಕು. ನಡುವೆ ಮತ್ತೆ ಮೂರು ದಿನಕ್ಕಿಂತ ಜಾಸ್ತಿ ರಜೆ ಹಾಕಿದರೆ ರಜೆ ಚೀಟಿಯ ಕೆಳಗೆ "ಎಲ್ಲಾ ವಿಷಯದ ಶಿಕ್ಷಕರ ಗಮನಕ್ಕೆ" ಅಂತ ಬರೆದು, ಮಗಳ ಕೈಯಲ್ಲೇ ಒಬ್ಬೊಬ್ಬರಿಗೂ ತೋರಿಸಿ ಸಹಿ ಹಾಕಿಸಿಕೊಂಡು ಬರಲು ಹೇಳಿ. ನಮ್ಮ ಶಾಲೆಯಲ್ಲೂ ಇದನ್ನು ಶುರು ಮಾಡೋಣ ಅಂತ ಸೋಮವಾರದ ಸ್ಟಾಫ್ ಮೀಟಿಂಗ್‌ನಲ್ಲಿ ಹೇಳುತ್ತೇನೆ.